ಮೂರು ಬಟ್ಟಲು ಅವರೆಕಾಳು

ರಾತ್ರಿ ನೆನೆಹಾಕಿದ್ದ ಅವರೆಕಾಳನ್ನು ಹಿತಕುತ್ತಾ ಅಡಿಗೆಮನೆಯ ಹೊಸ್ತಿಲ ಬಳಿ ಕೂತಿದ್ದೆ. ಎಡಗಡೆ ಕಾಳಿನ ಬೋಗುಣಿ, ಬಲಗಡೆ ಸಿಪ್ಪೆ ಹಾಕಲು ಮೊರ. ಅರ್ಧದಷ್ಟು ಮುಗಿದಿತ್ತು. ತಲೆಯೆತ್ತಿದರೆ ನಮ್ಮ ಮನೆಯವರು ಬಾಗಿಲಲ್ಲಿ ನಿಂತಿದ್ದರು. ಆಗ ಬೆಳಿಗ್ಗೆ ಹನ್ನೊಂದು. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಫಸ್ಟ್ ಶಿಫ್ಟಿಗೆ ಹೋದವರು ಎರಡು ಗಂಟೆಯ ಸೈರನ್ ಆಗುವ ಮೊದಲು ಮನೆಗೆ ಬಂದದ್ದಿಲ್ಲ. ಬೂಟು ಬಿಚ್ಚದೆ ಒಳಗೆ ಬಂದರು. ಅದನ್ನು ನೋಡಿಯೇ ನನಗೆ ತಿಳಿಯಬೇಕಿತ್ತು. ನಾನು "ರೀ, ಬೂಟು" ಅಂದೆ.

"ಓಂಕಾರ ಹೋದ ಕಣೇ" ಅಂದರು.

ಓಂಕಾರ ನನ್ನ ಮೈದುನ. ಬೆಂಗಳೂರಿನಲ್ಲಿ ಸರ್ಕಾರದ ವಿಮಾನಕ್ಕೆ ಪೈಲಟ್ ಆಗಿದ್ದ. ನನ್ನ ತಂಗಿ ಗಿರಿಜೆಯನ್ನೇ ಅವನಿಗೆ ಕೊಟ್ಟಿತ್ತು.

"ವಿಮಾನದಲ್ಲಾ?" ಅಂದೆ.

"ಅಲ್ಲ. ನೆಲದ ಮೇಲೆ. ಏರೋಡ್ರೋಮಿನಲ್ಲಿ ಮಂತ್ರಿಗಳಿಗೆ ಕಾಯ್ತಾ ಕುರ್ಚೀಲಿ ಕೂತಿದ್ನಂತೆ. ಕೂತಲ್ಲೇ. ಹಾರ್ಟು ಅಂತೆ. ಟೈಂ ಆಫೀಸಿಗೆ ಟ್ರಂಕಾಲ್ ಬಂತು."

ಆಗ ನನ್ನ ಮನಸ್ಸಿಗೆ ಮೊದಲು ಬಂದದ್ದನ್ನು ಇದ್ದ ಹಾಗೇ ಬರೆಯುತ್ತೇನೆ. ಮೇಲಿಂದ ಬೀಳಲಿಲ್ಲ, ಸದ್ಯ, ಶಿವ ಅಷ್ಟು ಮಟ್ಟಿಗೆ ಕಾಪಾಡಿದ ಅಂದುಕೊಂಡೆ. ಅಳು ಬರಲಿಲ್ಲ. ಕೈಯಲ್ಲಿದ್ದ ಕಾಳನ್ನು ಬೋಗುಣಿಗೆ ಹಾಕಿ, ಬೆರಳನ್ನು ಸೆರಗಿಗೆ ಒರೆಸಿಕೊಂಡು ಎದ್ದೆ.

ನಾನು ಮದುವೆಯಾಗಿ ಭದ್ರಾವತಿಯ ಈ ಕಾರ್ಖಾನೆ ಕ್ವಾರ್ಟರ್ಸಿಗೆ ಬಂದಾಗ ಓಂಕಾರನಿಗೆ ಹದಿನೇಳು ವರ್ಷ. ಮಾವ ಇರಲಿಲ್ಲ. ಅತ್ತೆಗೆ ಮಂಡಿನೋವು. ಹುಡುಗನಿಗೆ ಬೆಳಿಗ್ಗೆ ರೊಟ್ಟಿ ಬಡಿದು ರೈಲಿಗೆ ಕಳಿಸುವುದು ನನ್ನ ಪಾಲಿಗೆ ಬಂತು. ಶಿವಮೊಗ್ಗಕ್ಕೆ ಕಾಲೇಜಿಗೆ ಹೋಗುತ್ತಿದ್ದ. ಮಧ್ಯಾಹ್ನದ ಊಟ ಸವಳಂಗ ರಸ್ತೆಯಲ್ಲಿದ್ದ ನನ್ನ ತವರುಮನೆಯಲ್ಲಿ. ಗಿರಿಜೆ ಆಗ ಎಂಟು ವರ್ಷದವಳು. ತಟ್ಟೆ ತೊಳೆದು ನೀರು ಕುಡಿಯುವ ಅಣ್ಣ ಅಂತ ಅವನನ್ನು ಕರೆಯುತ್ತಿದ್ದಳು.

ಅವನನ್ನು ನೋಡಿದವರು ಮೊದಲು ಗಮನಿಸುತ್ತಿದ್ದುದೂ ಅದನ್ನೇ. ತಟ್ಟೆಗೆ ಬಿದ್ದದ್ದು ಪ್ರಸಾದ, ಒಂದಗುಳೂ ಬಿಡಬಾರದು ಅನ್ನುವುದು ನಮ್ಮಲ್ಲಿ ಹಿರಿಯರ ಪದ್ಧತಿ. ಊಟ ಮುಗಿದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ಸುತ್ತ ಬಳಿದು, ಆ ನೀರನ್ನು ಕುಡಿಯುತ್ತಾರೆ. ನಮ್ಮ ಮನೆಯವರ ಕಾಲಕ್ಕೆ ಅದು ಬಿಟ್ಟುಹೋಗಿತ್ತು. ಓಂಕಾರನಿಗೆ ಯಾರೂ ಕಲಿಸಲಿಲ್ಲ. ಅಜ್ಜ ಮಾಡುವುದನ್ನು ಚಿಕ್ಕಂದಿನಲ್ಲಿ ನೋಡಿದ್ದನಂತೆ, ಬಿಡಲೇ ಇಲ್ಲ. ಅವನ ತಟ್ಟೆ ಬೆಳಗುವ ಕೆಲಸ ನನಗೆ ಇರುತ್ತಿರಲಿಲ್ಲ.

ಕಾಲೇಜು ಮುಗಿಸಿ ಏರ್‌ಫೋರ್ಸಿಗೆ ಸೇರಿದ. ಅಷ್ಟು ಜನರಲ್ಲಿ ಇವನನ್ನು ಹೇಗೆ ಆರಿಸಿದರೋ ನನಗೆ ಗೊತ್ತಿಲ್ಲ. ಮೊದಲ ರಜಕ್ಕೆ ಬಂದಾಗ ಅಲ್ಲಿನ ಆಫೀಸರುಗಳ ಊಟದ ಕಥೆ ಹೇಳಿದ.

"ಪಿಂಗಾಣಿ ತಟ್ಟೆ ಅತ್ತಿಗೆ. ಎರಡು ಕಡೆ ಚಾಕು, ಚಮಚ. ಊಟ ಮುಗೀತಿದ್ದ ಹಾಗೇ ಬೇರರ್ ಬಂದು ತಟ್ಟೆಗೆ ಕೈ ಹಾಕಿದ. ನಾನು ಗಟ್ಟಿಯಾಗಿ ಹಿಡ್ಕೊಂಡೆ. ಅವನು ಎಳೀತಾನೆ, ನಾನು ಬಿಡಲ್ಲ. ಆಮೇಲೆ ಲೋಟದ ನೀರು ಸುರಿದು ತೊಳೆದು ಕುಡಿದುಬಿಟ್ಟೆ. ಇಡೀ ಊಟದ ಹಾಲ್ ಗಪ್ ಚಿಪ್."

"ಯಾರೂ ಬಯ್ಯಲಿಲ್ವಾ?"

"ದೊಡ್ಡ ಸಾಹೇಬ್ರು ಕರೆದು, ಇನ್ನೂ ಹಸಿವಾ ಮಗು ಅಂತ ಕೇಳಿದ್ರು. ಹಸಿವಲ್ಲ ಸರ್, ಊಟ ಮುಗೀತು ಅಂತ ಹೇಳೋ ರೀತಿ ಅಂದೆ. ಹಾಗಾದ್ರೆ ಸರಿ ಅಂದ್ರು."

ಅವನ ಜೊತೆಗೆ ಕೊಡಗಿನ ಬೋಪಯ್ಯ ಅಂತ ಒಬ್ಬನಿದ್ದ. "ನನ್ನ ತಟ್ಟೇನೂ ತೊಳೆದುಕೊಡೋ" ಅಂತ ದಿನಾ ಇವನ ಮುಂದೆ ತಳ್ಳುತ್ತಿದ್ದನಂತೆ. ಓಂಕಾರ ಒಂದು ವಾರ ಸುಮ್ಮನಿದ್ದು, ಆಮೇಲೆ ಬೋಪಯ್ಯನ ತಟ್ಟೆಗೆ ತಾನೇ ನೀರು ಹಾಕಿ "ಈಗ ನೀನೇ ಕುಡಿ ಮಾರಾಯ" ಅಂದನಂತೆ. ಅವನು ಕುಡಿದನಂತೆ. ಅಲ್ಲಿಂದ ಇಬ್ಬರೂ ಗೆಳೆಯರಾದರು.

ಎತ್ತರದ ಆಳು. ನಮ್ಮ ಬಾಗಿಲಿಗೆ ತಲೆ ಬಗ್ಗಿಸಿಯೇ ಬರಬೇಕಿತ್ತು. ಕೊರಳಲ್ಲಿ ಕಟ್ಟಿಕೊಳ್ಳುವ ಲಿಂಗದ ಕರಡಿಗೆಯ ಮೇಲೆ ವಿಮಾನದ ಬೆಲ್ಟು ಬಿಗಿದು ಎದೆಯಲ್ಲಿ ಒಂದು ರೂಪಾಯಿ ಅಗಲದ ಕಲೆ ಆಗಿತ್ತು. "ತೋಳಿಗೆ ಕಟ್ಕೋ" ಅಂದರೆ "ಇಲ್ಲೇ ಇರಲಿ ಅತ್ತಿಗೆ, ಒತ್ತುತಾ ಇದ್ರೆ ಇದೆ ಅಂತ ಗೊತ್ತಾಗ್ತದೆ" ಅನ್ನುತ್ತಿದ್ದ. ಮೇಲೆ ಎಲ್ಲಾದರೂ ವಿಮಾನದ ಸದ್ದು ಕೇಳಿದರೆ ನೋಡದೆಯೇ ಅದರ ಜಾತಿ ಹೇಳುತ್ತಿದ್ದ, ನಾವು ಕೆಮ್ಮಿನಿಂದ ಮನೆಯವರನ್ನು ಗುರುತಿಸುವ ಹಾಗೆ.

ಪಕ್ಕದ ಮನೆಯ ರಾಜಮ್ಮ ತಮಿಳಿನವರು, ಅವರ ಯಜಮಾನರೂ ಕಾರ್ಖಾನೆಯಲ್ಲೇ. ಓಂಕಾರ ಬಂದ ಅಂದರೆ ಬೇಲಿಗೆ ಬಂದು ನಿಲ್ಲುತ್ತಿದ್ದರು.

"ತಂಬಿ, ಮೇಲೆ ಹೋದಾಗ ಮಳೆ ಬಂದ್ರೆ ಏನಪ್ಪಾ ಮಾಡ್ತೀಯ? ಕೊಡೆ ಹಿಡಿಯೋಕಾಗ್ತದಾ?"

"ಮಳೆಗಿಂತ ಮೇಲೆ ಹೋಗ್ತೀವಿ ಅಕ್ಕ."

"ಸುಮ್ನೆ ಬಿಡ್ಬೇಡ. ಮಳೆಗಿಂತ ಮೇಲೆ ಏನಿದೆ?"

"ಬಿಸಿಲು."

ರಾಜಮ್ಮ ನನ್ನ ಮುಖ ನೋಡಿದರು. "ನಿಮ್ಮ ಮೈದುನ ಸುಳ್ಳು ಹೇಳಿದ್ರೂ ಚೆನ್ನಾಗಿ ಹೇಳ್ತಾನಮ್ಮ" ಅಂದರು.

ಅವನು ರಜೆ ಮುಗಿಸಿ ಹೊರಡುವಾಗಲೆಲ್ಲ ನಾನು ಹಣೆಗೆ ವಿಭೂತಿ ಹಚ್ಚುತ್ತಿದ್ದೆ. ಹೊಸ್ತಿಲಲ್ಲಿ ತಲೆ ಬಗ್ಗಿಸಿ ನಿಂತು "ಅತ್ತಿಗೆ, ಟೇಕಾಫಿಗೆ ಪರ್ಮಿಷನ್" ಅನ್ನುತ್ತಿದ್ದ. ಏರೋಡ್ರೋಮಿನಲ್ಲಿ ಟವರ್ ಅಂತ ಒಂದು ಎತ್ತರದ ಕಟ್ಟಡ ಇರುತ್ತದಂತೆ, ಅಲ್ಲಿ ಕೂತವನು ಹೂಂ ಅನ್ನದೆ ಯಾವ ವಿಮಾನವೂ ನೆಲ ಬಿಡುವ ಹಾಗಿಲ್ಲವಂತೆ. "ಭದ್ರಾವತಿಯಲ್ಲಿ ಆ ಕೆಲಸ ನಿಮ್ಮದು" ಅಂದಿದ್ದ. ನಾನು ನಕ್ಕು ಮೂರು ಬೆರಳು ಎಳೆಯುತ್ತಿದ್ದೆ. ತಮಾಷೆ ಅಂದುಕೊಂಡಿದ್ದೆ. ಅವನಿಗೆ ಅದು ತಮಾಷೆಯಾಗಿರಲಿಲ್ಲ ಅಂತ ತಿಳಿದದ್ದು ಎಂಟು ವರ್ಷ ಹಿಂದಿನ ಇನ್ನೊಂದು ಅವರೆಕಾಳಿನ ದಿನ.

ಅದು ಅವನ ಏರ್‌ಫೋರ್ಸಿನ ಕರಾರು ಮುಗಿಯುತ್ತಿದ್ದ ವರ್ಷ. ಮುಂದುವರಿಯಬಹುದಿತ್ತು, ಬಿಡಲೂಬಹುದಿತ್ತು. ಬಿಟ್ಟರೆ ಎರಡು ಕಡೆಯಿಂದ ಕರೆ ಬಂದಿತ್ತು, ಒಂದು ಸರ್ಕಾರದ್ದು, ಇನ್ನೊಂದು ಪ್ರಯಾಣಿಕರ ವಿಮಾನದ ಕಂಪನಿಯದು. ತಿಂಗಳೊಳಗೆ ಉತ್ತರ ಬರೆಯಬೇಕು. ಅದೇ ಹೊತ್ತಿಗೆ ಗಿರಿಜೆಯ ಮಾತೂ ನಡೆದಿತ್ತು. ನನ್ನ ಅಪ್ಪ "ಹುಡುಗ ಬಂಗಾರ. ಕೆಲಸ ಮಾತ್ರ ಗಾಳೀಲಿದೆ" ಅಂದಿದ್ದರು. ಗಿರಿಜೆಯನ್ನು ಕೇಳಿದರೆ ಅವಳು ಉತ್ತರ ಹೇಳದೆ ಹಿತ್ತಲಿಗೆ ಹೋದಳು. ಹಿತ್ತಲಿಗೆ ಹೋದ ರೀತಿಯಲ್ಲೇ ಉತ್ತರ ಇತ್ತು.

ಅವತ್ತೂ ನಾನು ಅವರೆಕಾಳು ಹಿತಕುತ್ತಿದ್ದೆ. ಓಂಕಾರನೂ ಬಂದು ಕೂತ. ಅವನಿಗೆ ಅದು ಚಿಕ್ಕಂದಿನ ಆಟ. ನೆನೆದ ಕಾಳನ್ನು ಎರಡು ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಕಾಳು ಹಾರುತ್ತದಲ್ಲ, ಅದನ್ನು ಗುರಿಯಿಟ್ಟು ಹಾರಿಸುತ್ತಿದ್ದ. ಅತ್ತೆ ಗೋಡೆಗೊರಗಿ ಬೆಲ್ಲ ಕುಟ್ಟುತ್ತಿದ್ದರು. ನಮ್ಮ ಮನೆಯವರು ಚಾಪೆಯ ಮೇಲೆ ಪೇಪರ್ ಹಿಡಿದಿದ್ದರು.

"ಅತ್ತಿಗೆ, ಮೂರು ಬಟ್ಟಲು ಕೊಡಿ" ಅಂದ. ಕೊಟ್ಟೆ. ಸಾಲಾಗಿ ಇಟ್ಟ.

"ಈ ಕಾಳಿದೆಯಲ್ಲ, ಇದು ಆಕಾಶದಲ್ಲಿರೋ ಒಂದು ಗಂಟೆ. ಸಿಪ್ಪೆ ಅಂದ್ರೆ ನೆಲದ ಮೇಲೆ ಮಾಡೋ ಕೆಲಸ. ಬೆಲ್ಲ ಸಂಬಳ. ಒಂದು ತಿಂಗಳದ್ದು ಹಾಕ್ತೀನಿ, ನೀವು ನೋಡಿ ಹೇಳಿ."

ಮೊದಲ ಬಟ್ಟಲಿಗೆ ಒಂದು ಹಿಡಿ ಕಾಳು ಹಾಕಿದ. ಅದರ ಮೇಲೆ ಎರಡು ಹಿಡಿ ಸಿಪ್ಪೆ.

"ಇದು ಮಿಲಿಟರಿ. ಹಾರೋದು ಇಷ್ಟೇ. ಆದ್ರೆ ಸೂರ್ಯ ಹುಟ್ಟೋಕೆ ಮುಂಚೆ ಡ್ರೆಸ್ ಹಾಕ್ಕೊಂಡು ರೆಡಿ ಇರಬೇಕು. ಕರೆದ್ರೆ ಓಡಬೇಕು, ಕರೀದಿದ್ರೆ ಕೂತಿರಬೇಕು. ಪೆರೇಡು, ಪಾಠ, ಜವಾನರ ರಜಾ ಅರ್ಜಿ. ಹಾಸಿಗೆ ಬಿಚ್ಚೋದ್ರೊಳಗೆ ವರ್ಗ. ಸಂಬಳ ಇಷ್ಟು." ನಿಂಬೆಹಣ್ಣಿನಷ್ಟು ಬೆಲ್ಲ ಇಟ್ಟ. "ಮೇಲೆ ಮನೆ, ರೇಷನ್ನು, ಆಳು. ಕಣ್ಣು ಕೆಟ್ರೆ ನೆಲದ ಮೇಲೆ ಏನಾದ್ರೂ ಕೆಲಸ ಕೊಡ್ತಾರೆ, ಕೈ ಬಿಡಲ್ಲ."

ಎರಡನೆಯ ಬಟ್ಟಲಿಗೆ ಎಣಿಸಿ ಹಾಕಿದ. ಹತ್ತಕ್ಕೆ ನಿಲ್ಲಿಸಿ, ಸ್ವಲ್ಪ ಯೋಚಿಸಿ, ಇನ್ನೆರಡು ಹಾಕಿದ. ಆಮೇಲೆ ಸಿಪ್ಪೆ ಬಟ್ಟಲು ತುಂಬಿ ಚೆಲ್ಲುವಷ್ಟು.

"ಇದು ಸರ್ಕಾರ. ಇರೋದೇ ಒಂದು ಸಣ್ಣ ವಿಮಾನ. ಮಂತ್ರಿಗಳು ಹೋಗಬೇಕು ಅಂದ್ರೆ, ನೆರೆ ಬಂದಾಗ ನೋಡಬೇಕು ಅಂದ್ರೆ ಹಾರೋದು. ಉಳಿದ ದಿನ ಫೈಲು, ಪತ್ರ, ಕಾಯೋದು." ಬೆಲ್ಲ ಅಡಿಕೆಯಷ್ಟು ಇಟ್ಟ. "ಸಂಬಳ ಎಲ್ಲಕ್ಕಿಂತ ಕಡಿಮೆ. ಆದ್ರೆ ವರ್ಗ ಇಲ್ಲ, ಪೆನ್ಷನ್ ಇದೆ. ಹೆಚ್ಚಿನ ದಿನ ಮನೇಲೇ ಊಟ."

ಮೂರನೆಯದಕ್ಕೆ ಬೋಗುಣಿಯನ್ನೇ ಬಗ್ಗಿಸಿದ. ಕಾಳು ಬಟ್ಟಲಿನ ಕಂಠದವರೆಗೆ ಬಂತು. ಮೇಲೆ ನಾಲ್ಕೇ ನಾಲ್ಕು ಸಿಪ್ಪೆ ಇಟ್ಟ.

"ಇದು ಕಂಪನಿ. ಬೆಳಿಗ್ಗೆ ಮದ್ರಾಸು, ಮಧ್ಯಾಹ್ನ ಹೈದರಾಬಾದು, ಸಂಜೆ ಬೊಂಬಾಯಿ. ಬಸ್ ಡ್ರೈವರ್ ಥರ. ಇಳಿದ್ಮೇಲೆ ಟೋಪಿ ತೆಗೆದು ಮನೆಗೆ ಹೋಗು ಅಂತಾರೆ. ಸಂಬಳ ಇಷ್ಟು." ಬೆಲ್ಲದಚ್ಚಿನ ಅರ್ಧ ಹೋಳು ಇಟ್ಟ. "ಇದರ ಮೇಲೆ ಕಾಳಿಗಿಷ್ಟು ಅಂತ ಬೇರೆ. ಹೆಚ್ಚು ಹಾರಿದ್ರೆ ಹೆಚ್ಚು. ಒಂದೇ ಕಷ್ಟ, ಆರು ತಿಂಗಳಿಗೊಂದ್ಸಲ ಡಾಕ್ಟರು ನೋಡ್ತಾರೆ. ಅವರು ಆಗಲ್ಲ ಅಂದ್ರೆ ಅವತ್ತೇ ಬಾಗಿಲು ಮುಚ್ತು."

ನಮ್ಮ ಮನೆಯವರು ಪೇಪರ್ ಕೆಳಗಿಟ್ಟರು. "ಅಂದ್ರೆ ಮಿಲಿಟರಿ ನಮ್ಮ ಫರ್ನೇಸ್ ಶಿಫ್ಟು. ಸರ್ಕಾರ ನಮ್ಮ ಟೈಂ ಆಫೀಸು. ಕಂಪನಿ ಪೀಸ್ ರೇಟು."

"ಅಷ್ಟೇ ಅಣ್ಣ."

"ಪೀಸ್ ರೇಟಿನೋರು ಬೇಗ ಸವೀತಾರೆ ಕಣೋ. ನೋಡ್ತಿರ್ತೀನಿ."

ಅಷ್ಟರಲ್ಲಿ ಅತ್ತೆ ಕೈ ಚಾಚಿ ಕಂಪನಿಯ ಬೆಲ್ಲದಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು.

"ಅವ್ವ! ಅದು ನನ್ನ ಸಂಬಳ!"

"ಮಗನ ಸಂಬಳ ತಾಯಿ ತಿಂದ್ರೆ ಯಾವ ಪಾಪ ಬರ್ತದೋ? ಮೂರೂ ಒಂದೇ ಸಿಹಿ, ತಗೋ" ಅಂತ ಮಿಲಿಟರಿಯದ್ದನ್ನೂ ಮುರಿದರು.

ಎಲ್ಲರೂ ನಕ್ಕರು. ನಾನು ನಗಲಿಲ್ಲ. ನಾನು ಬೆಲ್ಲವನ್ನೂ ನೋಡಲಿಲ್ಲ, ಸಿಪ್ಪೆಯನ್ನೂ ನೋಡಲಿಲ್ಲ. ಕಾಳನ್ನು ನೋಡುತ್ತಿದ್ದೆ. ಒಂದೊಂದು ಕಾಳೂ ಅವನು ಕೆಳಗೆ ಬೀಳಬಹುದಾದ ಒಂದು ಗಂಟೆ. ಕಂಪನಿಯ ಬಟ್ಟಲಲ್ಲಿ ಗಿರಿಜೆಯ ಅರಿಶಿನ ಕುಂಕುಮ ನೂರು ಸಲ ಹೋಗುತ್ತಿತ್ತು. ಎರಡನೆಯ ಬಟ್ಟಲಲ್ಲಿ ಹನ್ನೆರಡೇ ಸಲ. ಅದನ್ನು ಅವನ ಕಡೆ ತಳ್ಳಿದೆ.

"ಇದು" ಅಂದೆ.

"ಯಾಕೆ ಅತ್ತಿಗೆ?"

"ಇದರಲ್ಲಿ ಕಾಳು ಕಡಿಮೆ."

"ಕಾಳೇ ಇಲ್ವಲ್ಲ ಅತ್ತಿಗೆ ಇದರಲ್ಲಿ."

"ಅದಕ್ಕೇ."

ಅವನು ಬಟ್ಟಲನ್ನು ನೋಡಿದ. "ಕಂಪನಿಗೆ ಹೋಗ್ತೀನಿ ಅಂದ್ರೆ ವಿಭೂತಿ ಹಚ್ಚಲ್ವಾ?" ಅಂತ ಕೇಳಿದ. ನಗುತ್ತಲೇ ಕೇಳಿದ.

"ಹಚ್ಚಲ್ಲ. ಗಿರಿಜೆ ನನ್ನ ತಂಗಿ" ಅಂದೆ.

ನಮ್ಮ ಮನೆಯವರು "ಲೇ, ಅದೇನು ಮಾತು" ಅಂದರು. ಓಂಕಾರ "ಇರಲಿ ಅಣ್ಣ, ಟವರ್ ಹೇಳಿದ್ಮೇಲೆ ಆಯ್ತು" ಅಂದ. ಮೂರೂ ಬಟ್ಟಲಿನ ಕಾಳನ್ನು ಆರಿಸಿ ಬೋಗುಣಿಗೆ ಸುರಿದ. ಸಾರು ಮಾಡಿದೆ. ಮೂರು ಸಲ ಹಾಕಿಸಿಕೊಂಡು ಉಂಡ, ತಟ್ಟೆ ತೊಳೆದು ಕುಡಿದ. ನನಗೆ ಎದೆಯ ಭಾರ ಇಳಿದ ಹಾಗಾಗಿತ್ತು. ಅವತ್ತು ದೇವರ ಮುಂದೆ ಎರಡು ಬತ್ತಿ ಹೆಚ್ಚಿಗೆ ಹಚ್ಚಿದೆ.

ಅಡಿಗೆಮನೆಯಲ್ಲಿ ದಿನಾ ಕಾಳನ್ನು ಮಕ್ಕಳಿಗೂ ಸಿಪ್ಪೆಯನ್ನು ಎಮ್ಮೆಗೂ ಹಾಕುವವಳು ನಾನು. ಅವತ್ತು ಅವನಿಗೆ ಸಿಪ್ಪೆಯ ಬಟ್ಟಲನ್ನು ಆರಿಸಿಕೊಟ್ಟೆ ಅನ್ನುವುದು ನನಗೆ ಹೊಳೆಯಲಿಲ್ಲ. ಹೊಳೆಯಲು ಕೆಲವು ವರ್ಷ ಬೇಕಾಯಿತು.

ಮದುವೆ ಆಯಿತು. ಬೆಂಗಳೂರಿನಲ್ಲಿ ಎರಡು ಕೋಣೆಯ ಮನೆ, ಮುಂದೆ ನಲ್ಲಿ. ಒಂದು ಹೆಣ್ಣು, ಒಂದು ಗಂಡು ಹುಟ್ಟಿದವು. ಗಿರಿಜೆಯ ಕಾಗದಗಳಲ್ಲಿ ಮೊದಮೊದಲು ಎಲ್ಲ ಒಳ್ಳೆಯ ಸುದ್ದಿ. ಇವರು ಸಂಜೆ ಐದೂವರೆಗೇ ಮನೆಗೆ ಬರುತ್ತಾರೆ, ಹೂ ತರುತ್ತಾರೆ, ಮಗಳಿಗೆ ಜಡೆ ಹಾಕುತ್ತಾರೆ ಅಂತ. ನಾನು ಓದಿ ಅತ್ತೆಗೆ ಹೇಳುತ್ತಿದ್ದೆ. ಶಿವ ಕಣ್ಣು ಬಿಟ್ಟ ಅಂತ ಇಬ್ಬರೂ ಕೈ ಮುಗಿಯುತ್ತಿದ್ದೆವು. ಅತ್ತೆ ಆ ಸಮಾಧಾನದಲ್ಲೇ ಹೋದರು. ಅದೂ ಒಂದು ಉಪಕಾರ.

ಮೂರನೆಯ ವರ್ಷವೋ ನಾಲ್ಕನೆಯ ವರ್ಷವೋ ನಾನು ಗಿರಿಜೆಯ ಬಾಣಂತನಕ್ಕೆಂದು ಬೆಂಗಳೂರಿಗೆ ಹೋಗಿ ಒಂದು ತಿಂಗಳು ಇದ್ದೆ. ಓಂಕಾರನ ಹೊಟ್ಟೆ ಮುಂದೆ ಬಂದಿತ್ತು. ಆ ತಿಂಗಳು ವಿಮಾನ ರಿಪೇರಿಗೆ ನಿಂತಿತ್ತು. ಯಾವುದೋ ಸಾಮಾನು ಹಡಗಿನಲ್ಲಿ ಬರಬೇಕಂತೆ. ಆದರೂ ದಿನಾ ಹೋಗುತ್ತಿದ್ದ. "ಹೋಗಿ ಏನ್ ಮಾಡ್ತೀಯ?" ಅಂದರೆ "ಗಾಜು ಒರೆಸ್ತೀನಿ ಅತ್ತಿಗೆ" ಅಂದ.

ಗಿರಿಜೆ ಮಗುವಿಗೆ ಎಣ್ಣೆ ಹಚ್ಚುತ್ತಾ ನನ್ನ ಕಡೆ ನೋಡದೆ ಹೇಳಿದಳು. "ಅಕ್ಕ, ಭಾನುವಾರ ಬೆಳಿಗ್ಗೆ ಯೂನಿಫಾರಂ ಹಾಕ್ಕೊಂಡು ಕೂತ್ಕೋತಾರೆ. ಯಾರೂ ಕರೆದಿರಲ್ಲ. ಅರ್ಧ ಗಂಟೆ ಕೂತು, ಬಿಚ್ಚಿ ಮಡಿಸಿಡ್ತಾರೆ."

"ಇಸ್ತ್ರಿ ನೋಡ್ಕೊಳ್ಳೋಕೆ ಇರಬೇಕು" ಅಂದೆ.

"ಹೂಂ, ಇರಬೇಕು" ಅಂದಳು.

ಬೋಪಯ್ಯ ಕಂಪನಿ ಸೇರಿದ್ದ. ಆ ತಿಂಗಳಲ್ಲಿ ಒಂದು ಮಧ್ಯಾಹ್ನ ಬಂದ. ಸಣಕಲು, ಬಿಸಿಲಿಗೆ ಕಪ್ಪಾದ ಮುಖ, ಕೂತಲ್ಲಿ ಕೂರದ ಕಾಲು. ವಿಮಾನದಲ್ಲಿ ಕೊಡುವ ಪೆಪ್ಪರ್‌ಮೆಂಟನ್ನು ದೊಡ್ಡ ಮಗುವಿನ ಕೈಗೆ ಸುರಿದ. "ನಮ್ಮ ಬ್ಯಾಚಿನಲ್ಲಿ ಕೈ ಅಂದ್ರೆ ಇವನದು ಅಮ್ಮ. ನಾವು ಇಳಿಸಿದ್ರೆ ಧಡ್ ಅಂತ ಸದ್ದು ಬರ್ತಿತ್ತು. ಇವನು ಇಳಿಸಿದ್ರೆ ಇಳಿದದ್ದೇ ಗೊತ್ತಾಗ್ತಿರಲಿಲ್ಲ" ಅಂದ. ಓಂಕಾರ "ಕಾಫಿ ಕುಡಿಯೋ, ಆರಿಹೋಗ್ತದೆ" ಅಂದ. ಬೋಪಯ್ಯ ಹೋದ ಮೇಲೆ ನಾನು ಧೈರ್ಯ ಮಾಡಿ ಕೇಳಿದೆ.

"ಓಂಕಾರ, ಕಂಪನಿಗೆ ಹೋಗಿದ್ರೆ ಚೆನ್ನಾಗಿರ್ತಿತ್ತಾ?"

"ಬೆಲ್ಲ ಹೆಚ್ಚಿಗೆ ಸಿಗ್ತಿತ್ತು ಅತ್ತಿಗೆ. ಅಷ್ಟೇ."

ಬೆಲ್ಲದ ಆಸೆ ಇದ್ದವನಲ್ಲ ಅವನು. ನನಗೆ ನೋವಾಗದಿರಲಿ ಅಂತ ಬೆಲ್ಲದ ಹೆಸರು ಹೇಳಿದ. ಆಗ ನನಗೆ ಗೊತ್ತಾಯಿತು. ಹೋಗು, ಈಗಲಾದರೂ ಹೋಗು, ನಾನು ವಿಭೂತಿ ಹಚ್ಚುತ್ತೇನೆ ಅನ್ನಬಹುದಿತ್ತು. ಅವನಿಗೆ ಆಗ ಮೂವತ್ತೊಂದೋ ಮೂವತ್ತೆರಡೋ. ಮಗುವಿನ ತೊಟ್ಟಿಲು ಪಕ್ಕದಲ್ಲೇ ತೂಗುತ್ತಿತ್ತು. ಆ ಮಾತು ನನ್ನ ಬಾಯಿಗೆ ಬರಲಿಲ್ಲ.

ಅವನನ್ನು ಕೊನೆಗೆ ನೋಡಿದ್ದು ಅವನು ಹೋಗುವ ಮೊದಲಿನ ದೀಪಾವಳಿಗೆ, ಭದ್ರಾವತಿಯಲ್ಲಿ. ಜಗಲಿಯಲ್ಲಿ ಕೂತು ಮಕ್ಕಳಿಗೆ ಹಣತೆಗೆ ಬತ್ತಿ ಹೊಸೆದುಕೊಡುತ್ತಿದ್ದ. ಮೇಲೆ ಒಂದು ವಿಮಾನ ಹೋಯಿತು. ರಾಜಮ್ಮ ಬೇಲಿಗೆ ಬಂದು "ತಂಬಿ, ಇದು ಯಾವ ಜಾತಿದಪ್ಪಾ?" ಅಂದರು. ಅವನು ಬತ್ತಿಯಿಂದ ಕಣ್ಣೆತ್ತಲಿಲ್ಲ. "ಯಾವುದೋ ಅಕ್ಕ" ಅಂದ. ರಾಜಮ್ಮ ನನ್ನ ಮುಖ ನೋಡಿದರು. ನಾನು ಒಳಗೆ ಹೋದೆ.

ಹೊರಡುವಾಗ ಹೊಸ್ತಿಲಲ್ಲಿ ತಲೆ ಬಗ್ಗಿಸಿದ. ವಿಭೂತಿ ಹಚ್ಚಿದೆ. ಅವನು ಮಾಮೂಲಿನ ಮಾತು ಆಡಲಿಲ್ಲ. ನಾನೇ "ಪರ್ಮಿಷನ್ ಕೊಟ್ಟೆ" ಅಂದೆ.

"ಬಸ್ಸಿಗೆ ಹೋಗ್ತಿದೀನಿ ಅತ್ತಿಗೆ. ಅದಕ್ಕೆ ಬೇಕಾಗಿಲ್ಲ" ಅಂತ ನಕ್ಕ. ಚೀಲ ಹೆಗಲಿಗೆ ಹಾಕಿಕೊಂಡು, ಬಾಗಿಲಿಗೆ ತಲೆ ಬಗ್ಗಿಸಿ ಹೋದ.

ನಮ್ಮ ಮನೆಯವರು ಟ್ರಂಕಾಲ್ ಬಂದ ದಿನವೇ ಬೆಂಗಳೂರಿಗೆ ಹೋಗಿ ಮರುದಿನ ಬೆಳಿಗ್ಗೆ ವ್ಯಾನಿನಲ್ಲಿ ಅವನನ್ನು ತಂದರು. ಜೊತೆಗೆ ಗಿರಿಜೆ, ಮಕ್ಕಳು. ಬಿಳಿ ಯೂನಿಫಾರಂ ಒಂದೂ ಮಡಿಕೆ ಕೆಟ್ಟಿರಲಿಲ್ಲ. ಅವತ್ತು ಮಂತ್ರಿಗಳ ಪ್ರಯಾಣ ಮುಂದೆ ಹೋಗಿತ್ತಂತೆ. ಅದನ್ನು ಹೇಳಲು ಬಂದವನು, ಇವನು ಕಣ್ಣು ಮುಚ್ಚಿ ಕೂತಿದ್ದಾನೆ ಅಂತ ಎರಡು ಸಲ ಬಂದು ವಾಪಸ್ ಹೋದನಂತೆ.

ನಮ್ಮಲ್ಲಿ ಕೂರಿಸಿಯೇ ಕರೆದೊಯ್ಯುತ್ತಾರೆ. ಬಿದಿರು ಕಟ್ಟಿ, ಹೂವಿನಿಂದ ಸಿಂಗರಿಸಿ ಅದರಲ್ಲಿ ಕೂರಿಸುತ್ತಾರೆ. ಅದಕ್ಕೆ ನಮ್ಮವರು ಕರೆಯುವುದೂ ವಿಮಾನ ಅಂತಲೇ. ಅವತ್ತು ಅಂಗಳದಲ್ಲಿ ಅಷ್ಟು ಜನ ಇದ್ದರು, ಯಾರ ಬಾಯಿಂದಲೂ ಆ ಹೆಸರು ಬರಲಿಲ್ಲ. "ಅದನ್ನ ಇತ್ತ ತಿರುಗಿಸಿ", "ಅದರ ಕಾಲು ಕಟ್ಟಿ" ಅಂತ ಅಂದರು. ಅಯ್ಯನವರು ಅವನ ಎಡಗೈಯಲ್ಲಿ ಲಿಂಗ ಇಟ್ಟರು. ಎದೆಯ ಮೇಲೆ ಆ ಕಲೆ ಇದೆಯಾ ಅಂತ ನೋಡಿದೆ. ಇರಲಿಲ್ಲ. ಯಾವಾಗಲೋ ಮಾಯ್ದು ಹೋಗಿತ್ತು. ನನ್ನ ಕೈಗೆ ವಿಭೂತಿ ಕೊಟ್ಟರು. ಮೂರು ಬೆರಳು ಎಳೆದೆ.

ಮಣ್ಣು ಮಾಡಿ ಬಂದ ಮೇಲೆ ಲಿಂಗವಂತರಿಗೆ ಸೂತಕವಿಲ್ಲ ಅಂತ ಹಿರಿಯರು ಹೇಳಿ ಒಲೆ ಹಚ್ಚಿಸಿದರು. ಬಂದವರಿಗೆ ಅನ್ನ, ಸಾರು. ಬೋಪಯ್ಯನೂ ಬಂದಿದ್ದ. ಎಲ್ಲರ ಸಾಲಿನಲ್ಲಿ ಕೆಳಗೆ ಕೂತು ಉಂಡ. ಉಂಡು ಮುಗಿಸಿ ತಟ್ಟೆಗೆ ಲೋಟದ ನೀರು ಸುರಿದು, ಬೆರಳಿನಿಂದ ಸುತ್ತ ಬಳಿದು, ಎರಡೂ ಕೈಯಲ್ಲಿ ಎತ್ತಿ ಕುಡಿದ. ಯಾರ ಕಡೆಯೂ ನೋಡಲಿಲ್ಲ. ತಟ್ಟೆಯನ್ನು ಮಗುಚಿಟ್ಟು ಎದ್ದ.

ಗಿರಿಜೆ ಒಳಕೋಣೆಯಲ್ಲಿ ಗೋಡೆಗೊರಗಿದ್ದಳು. ಪಕ್ಕದಲ್ಲಿ ಹೋಗಿ ಕೂತೆ. ಅವಳು ಹೇಳಿದಳು.

"ನೀನು ಆರಿಸಿಕೊಟ್ಟ ಕೆಲಸ ಅಕ್ಕ. ಎಂಟು ವರ್ಷ ಮನೇಲೇ ಊಟ ಮಾಡಿದ್ರು."

ಅದು ಉಪಕಾರ ನೆನೆದ ಮಾತೋ, ಬೈಗುಳವೋ ನನಗೆ ತಿಳಿಯಲಿಲ್ಲ. ಇವತ್ತಿಗೂ ಕೇಳಿಲ್ಲ. ಎಂಟು ವರ್ಷ, ಎರಡು ಮಕ್ಕಳು, ಕೈಕಾಲು ಊನವಿಲ್ಲದೆ ಮನೆಗೆ ಬಂದ ದೇಹ. ಇಷ್ಟನ್ನು ಎಣಿಸಿಕೊಂಡೆ. ದಿನಾ ಹಾರುವ ಬೋಪಯ್ಯನ ಸಣಕಲು ಮುಖವನ್ನು ಎಲ್ಲಿ ಸೇರಿಸಿ ಎಣಿಸಬೇಕು ಅನ್ನುವುದು ಗೊತ್ತಾಗಲಿಲ್ಲ.

ಸಂಜೆಯ ಹೊತ್ತಿಗೆ ರಾಜಮ್ಮ ಬೇಲಿ ದಾಟಿ ಬಂದರು. ಕೈಯಲ್ಲಿ ನನ್ನ ಬೋಗುಣಿ, ಮೇಲೆ ಒದ್ದೆ ಬಟ್ಟೆ. "ನಿನ್ನೇನೇ ತಗೊಂಡ್ಹೋಗಿ ನೀರು ಬಸಿದು ಇಟ್ಟಿದ್ದೆ ಅಕ್ಕ. ಕೆಟ್ಟಿಲ್ಲ. ಅರ್ಧ ಹಾಗೇ ಇದೆ" ಅಂದರು. ಇಪ್ಪತ್ತು ಜನಕ್ಕೆ ಬೆಳಿಗ್ಗೆ ಸಾರು ಆಗಬೇಕಿತ್ತು. ಹೊಸ್ತಿಲ ಬಳಿ ಮೊರ ಎಳೆದುಕೊಂಡು ಕೂತೆ. ರಾಜಮ್ಮ ಎದುರಿಗೆ ಕೂತರು. ಒಂದು ಕಾಳು ನನ್ನ ಬೆರಳಿನಿಂದ ಜಾರಿ, ಮೇಲಕ್ಕೆ ಹಾರಿ, ಒರಳಿನ ಹಿಂದೆ ಎಲ್ಲೋ ಬಿತ್ತು.

"ಬಿಡಿ ಅಕ್ಕ, ಒಂದು ಕಾಳು ತಾನೇ" ಅಂದರು ರಾಜಮ್ಮ.

ನಾನು ಎದ್ದು, ದೀಪ ಹಿಡಿದು ಹುಡುಕಿ, ಅದನ್ನು ತೊಳೆದು ಬೋಗುಣಿಗೆ ಹಾಕಿದೆ. ಮತ್ತೆ ಕೂತು ಉಳಿದದ್ದನ್ನು ಹಿತಕತೊಡಗಿದೆ.